ಹೊಸ ಡಿಸ್ಕು ಮತ್ತು ಮೇಷ್ಟ್ರ ಕಿವಿ

ಕೆಟ್ಟ ಸೆಟ್ಟು ಬೆಂಚಿನ ಮೇಲೆ ಬಂದರೆ ಮೊದಲು ಮೂಸಬೇಕು, ಆಮೇಲೆ ನೋಡಬೇಕು, ಕೊನೆಗೆ ಕೇಳಬೇಕು ಎಂದು ನನಗೆ ಕೆಲಸ ಕಲಿಸಿದ ಸದಾಶಿವಯ್ಯನವರು ಹೇಳುತ್ತಿದ್ದರು. ಚಿಕ್ಕಮಗಳೂರಿನಲ್ಲಿ ಅವರದು ರೇಡಿಯೋ ಅಂಗಡಿ. ಸುಟ್ಟ ಟ್ರಾನ್ಸ್‌ಫಾರ್ಮರಿಗೆ ಒಂದು ವಾಸನೆ, ಇಲಿ ಸತ್ತ ಸ್ಪೀಕರ್ ಪೆಟ್ಟಿಗೆಗೆ ಇನ್ನೊಂದು, ಬೂಷ್ಟು ಹಿಡಿದ ಟೇಪಿಗೆ ಮತ್ತೊಂದು. ಮುಚ್ಚಳ ಬಿಚ್ಚುವ ಮೊದಲೇ ಅರ್ಧ ರೋಗ ಹೇಳಿಬಿಡುತ್ತಿದ್ದರು. ಅವರ ಹತ್ತಿರ ಮೂರು ವರ್ಷ ಕಲಿತು, ತೊಂಬತ್ತರ ದಶಕದ ಶುರುವಿನಲ್ಲಿ ನಾನು ಮೂಡಿಗೆರೆಯಲ್ಲಿ ಸ್ವಂತ ಅಂಗಡಿ ತೆರೆದೆ. ಈಗ ಬಾಗಿಲು ಹಾಕಿ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬಂದ ಕೆಲವರು ಆಗಾಗ ಬಂದು, ನಿಮ್ಮ ಕಾಲದ ಅನುಭವ ಹೇಳಿ ಎನ್ನುತ್ತಾರೆ. ನಾನು ಸರಿಮಾಡಿದ ಸೆಟ್ಟುಗಳ ಕಥೆ ಕೇಳಿ ಅವರಿಗೆ ಆಗಬೇಕಾದದ್ದೇನೂ ಇಲ್ಲ. ಕೆಡಿಸಿದ್ದರ ಕಥೆಯನ್ನೇ ಬರೆಯುತ್ತೇನೆ.

ಮಲೆನಾಡಿನಲ್ಲಿ ಈ ಕೆಲಸದವನ ದೊಡ್ಡ ಶತ್ರು ಥಂಡಿ. ಮಳೆಗಾಲ ಕೂತಿತೆಂದರೆ ಒಣಗಿದ ವಸ್ತು ಎಂಬುದೇ ಸಿಗುವುದಿಲ್ಲ. ಕ್ಯಾಸೆಟ್ಟಿನ ಟೇಪಿಗೆ ಬಿಳಿ ಬೂಷ್ಟು ಬರುತ್ತದೆ, ಸಿಡಿ ಪ್ಲೇಯರಿನ ಲೆನ್ಸು ಮಸುಕಾಗುತ್ತದೆ. ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಹೋಗುವ ಕೆಂಪು-ಬಿಳಿ ತಂತಿಗಳಿವೆಯಲ್ಲ, ಅವುಗಳ ಪಿನ್ನು ಹಸಿರು ಕಿಲುಬು ಕಟ್ಟಿಕೊಳ್ಳುತ್ತದೆ. ಕಿಲುಬು ಬಂದರೆ ಸದ್ದು ಕುಗ್ಗುತ್ತದೆ, ಹಿಂದಿನಿಂದ ಗುಂಯ್ ಎನ್ನುವುದು ಶುರುವಾಗುತ್ತದೆ. ಇದಕ್ಕೆ ನಾನು ಎರಡು ಉಪಾಯ ಕಂಡುಕೊಂಡಿದ್ದೆ. ಒಂದು, ಪ್ಲೇಯರನ್ನು ಮರದ ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿ, ಒಳಗೆ ಸದಾ ಒಂದು ಸಣ್ಣ ಬಲ್ಬು ಉರಿಸುವುದು; ಅದರ ಕಾವಿಗೆ ಥಂಡಿ ಒಳಗೆ ಸೇರದು. ಇನ್ನೊಂದು, ಕೆಂಪು-ಬಿಳಿ ತಂತಿಯ ಬದಲು ಆಪ್ಟಿಕಲ್ ಕೇಬಲ್ ಹಾಕುವುದು. ಅದು ಬೆಳಕು ಹರಿಯುವ ನಾರು. ತಾಮ್ರವೇ ಇಲ್ಲದ ಮೇಲೆ ಕಿಲುಬು ಎಲ್ಲಿಂದ ಬರಬೇಕು? ಈ ಎರಡನೆಯ ಉಪಾಯದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು. ಬೆಂಗಳೂರಿನ ಇಂಜಿನಿಯರುಗಳಿಗೆ ನಮ್ಮ ಮಳೆ ಏನು ಗೊತ್ತು ಎಂದುಕೊಂಡು, ಸೆಟ್ಟಿನ ಹಿಂದೆ ಅದಕ್ಕೆ ಬೇಕಾದ ತೂತು ಎಲ್ಲಿ ಕಂಡರೂ ಕೇಬಲ್ ತುರುಕುತ್ತಿದ್ದೆ.

ಹೆಮ್ಮೆ ಪಡಲು ಕಾರಣವೂ ಇತ್ತೆನ್ನಿ. ಕೊಟ್ಟಿಗೆಹಾರದ ಒಂದು ಹೋಟೆಲಿನವರು ಕೌಂಟರಿನ ಹತ್ತಿರ ಸಿಡಿ ಪ್ಲೇಯರ್ ಇಟ್ಟಿದ್ದರು. ಬೆಳಗಿನ ಭಕ್ತಿಗೀತೆ ನಡುನಡುವೆ ತೊದಲುತ್ತಿತ್ತು. ಎರಡು ಸಲ ಅಂಗಡಿಗೆ ತಂದರು, ಎರಡು ಸಲವೂ ನನ್ನ ಬೆಂಚಿನ ಮೇಲೆ ಸರಿಯಾಗಿ ಹಾಡಿತು. ಮೂರನೇ ಸಲ ನಾನೇ ಹೋಗಿ ದೋಸೆ ತಿನ್ನುತ್ತ ಕಾದು ಕೂತೆ. ಘಾಟಿ ಹತ್ತಿ ಬಂದ ಲಾರಿ ಗೇರು ಬದಲಿಸಿದಾಗ ಮಾತ್ರ ಹಾಡು ತೊದಲುತ್ತದೆ ಎಂದು ಆಗ ತಿಳಿಯಿತು. ಲಾರಿ ನೆಲ ನಡುಗಿಸಿದರೆ ಕಟ್ಟಡ ನಡುಗುತ್ತದೆ, ಕಟ್ಟಡದ ಜೊತೆ ಲೆನ್ಸು. ಪಕ್ಕದ ಸೈಕಲ್ ಶಾಪಿನಿಂದ ಒಂದು ಹಳೆ ಟ್ಯೂಬು ತಂದು, ಅರ್ಧ ಗಾಳಿ ಹಾಕಿ, ಪ್ಲೇಯರಿನ ಕೆಳಗಿಟ್ಟೆ. ಆಮೇಲೆ ಎಷ್ಟು ಲಾರಿ ಹೋದರೂ ದೇವರನಾಮ ತಪ್ಪಲಿಲ್ಲ. ಮುಂದೆ ಪರದೇಶದ ಪತ್ರಿಕೆಯೊಂದರಲ್ಲಿ ಇದೇ ಉಪಾಯವನ್ನು ಚಿತ್ರ ಸಹಿತ ನೋಡಿದಾಗ ನಾನು ನೆಲದ ಮೇಲೆ ಇರಲಿಲ್ಲ.

ಆ ಪತ್ರಿಕೆ ನನಗೆ ತೋರಿಸಿದವರು ಮಂಜಪ್ಪಗೌಡರು. ದೇವರಮನೆ ಕಡೆ ಹೋಗುವ ರಸ್ತೆಯಲ್ಲಿ ಅವರ ಕಾಫಿ ಎಸ್ಟೇಟು. ನನ್ನ ವೃತ್ತಿಯಲ್ಲಿ ನಾನು ಕಂಡ ದೊಡ್ಡ ಕೇಳುಗರಲ್ಲಿ ಅವರೊಬ್ಬರು. ದೊಡ್ಡ ಸೆಟ್ಟು ಇಟ್ಟವರು ಬೇರೆ ಜನವೂ ಇದ್ದರು, ಆದರೆ ಅವರಲ್ಲಿ ಹೆಚ್ಚಿನವರು ಬಂದವರಿಗೆ ಸೆಟ್ಟು ತೋರಿಸುತ್ತಿದ್ದರು. ಗೌಡರು ಬಂದವರಿಗೆ ಹಾಡು ಕೇಳಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವರ ಬಂಗಲೆಯ ಹಾಲಿನಲ್ಲಿ ಐದಾರು ಜನ ಸೇರುತ್ತಿದ್ದರು. ಹಾಡು ನಡೆಯುವಾಗ ಮಾತಿಲ್ಲ, ಕಾಫಿ ಲೋಟದ ಸದ್ದೂ ಇಲ್ಲ. ಹಾಡು ಮುಗಿದ ಮೇಲೆ ಬೇಕಾದಷ್ಟು ಜಗಳ. ತೋಟದಲ್ಲಿ ಆಳುಗಳ ಮೇಲೆ ಸಿಡುಕುವ ಮನುಷ್ಯ ಆ ಎರಡು ಗಂಟೆ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ನಾನು ರಿಪೇರಿಗೆಂದು ಹೋಗಿ ಹೋಗಿ ಆ ಗುಂಪಿನಲ್ಲಿ ಒಬ್ಬನಾದೆ.

ಅದೇ ಗುಂಪಿಗೆ ತಿಂಗಳಿಗೊಮ್ಮೆ ಕಳಸದಿಂದ ಮೊದಲ ಬಸ್ಸಿಗೆ ಬರುತ್ತಿದ್ದವರು ಶಾಮಭಟ್ಟ ಮೇಷ್ಟ್ರು. ಹಿಂದೆ ಮೂಡಿಗೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಾಗ ಗೌಡರ ಸ್ನೇಹವಾಗಿತ್ತು. ನಿವೃತ್ತರಾಗಿ ಕಳಸಕ್ಕೆ ಹೋದ ಮೇಲೆ ಮನೆಯ ಜಗಲಿಯಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಪಾಠ ಮಾಡುತ್ತಿದ್ದರು. ಅದೇ ಅವರ ಊಟ, ಅದೇ ನಿದ್ದೆ. ಅವರ ಮನೆಯಲ್ಲಿ ಸೆಟ್ಟು ಎಂದರೆ ಒಂದು ಟ್ರಾನ್ಸಿಸ್ಟರ್ ಮಾತ್ರ. ಗೌಡರ ಹಾಲಿಗೆ ಬಂದು, ಪಿಟೀಲೋ ಪಿಯಾನೋ ಏನೇ ಇರಲಿ, ಗೋಡೆಗೆ ಒರಗಿ ಕೂತು ಕೇಳಿ, ಕೊನೆಗೆ ಒಂದೇ ಒಂದು ಮಾತು ಹೇಳುತ್ತಿದ್ದರು. ಆ ಒಂದು ಮಾತಿಗೆ ಗೌಡರು ಕಾಯುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷಕ್ಕೆ ಹೊಸ ಡಿಸ್ಕುಗಳು ಬಂದವು. ಈಗಿನವರಿಗೆ ಹೇಳಿದರೆ ನಗುತ್ತೀರಿ, ಆದರೆ ಆಗ ನಮಗೆ ಅದು ಹಬ್ಬ. ಸಿಡಿಯಲ್ಲಿ ಹಿಡಿಸದಷ್ಟು ಸೂಕ್ಷ್ಮ ನಾದವನ್ನು ಹಿಡಿಯುವ ಡಿಸ್ಕು. ಒಂದು ಬಣ ಸೂಪರ್ ಆಡಿಯೋ ಸಿಡಿ ಎಂದು ಮಾಡಿತು, ಎದುರು ಬಣ ಡಿವಿಡಿ-ಆಡಿಯೋ ಎಂದು ಮಾಡಿತು. ಇದರ ಪ್ಲೇಯರಿನಲ್ಲಿ ಅದು ಹಾಡದು, ಅದರ ಪ್ಲೇಯರಿನಲ್ಲಿ ಇದು ಹಾಡದು. ಚಿಕ್ಕಮಗಳೂರಿನ ಒಬ್ಬ ಡಾಕ್ಟರು, ಅವರೂ ಭಾನುವಾರದ ಗುಂಪಿನವರೇ, ಎರಡನೆಯ ಬಣಕ್ಕೆ ಸೇರಿದರು. ಅವರ ಮನೆಯಲ್ಲಿ ಹಾಡು ಆರಿಸಲು ಟಿವಿ ಹಾಕಬೇಕಿತ್ತು. “ಸಂಗೀತ ಕೇಳೋಕೆ ಟಿವಿ ಹಚ್ಚೋ ಮನೆ ನಿಮ್ಮದೊಂದೇ ಇರ್ಬೇಕು ಡಾಕ್ಟ್ರೆ,” ಎಂದು ಗೌಡರು ಕಾಡಿಸುತ್ತಿದ್ದರು. ಗೌಡರು ಮೊದಲನೆಯ ಬಣ.

ಈ ಸೂಪರ್ ಆಡಿಯೋ ಡಿಸ್ಕಿನಲ್ಲಿ ಒಂದು ಜಾಣತನವಿತ್ತು, ಮುಂದಿನ ಕಥೆಗೆ ಅದು ತಿಳಿದಿರಬೇಕು. ಹೆಚ್ಚಿನ ಡಿಸ್ಕುಗಳಲ್ಲಿ ಎರಡು ಪದರ. ಒಂದರಲ್ಲಿ ಹೊಸ ಸೂಕ್ಷ್ಮ ನಾದ, ಇನ್ನೊಂದರಲ್ಲಿ ಅದೇ ಹಾಡು ಮಾಮೂಲು ಸಿಡಿಯ ರೂಪದಲ್ಲಿ. ಹಳೆ ಪ್ಲೇಯರಿಗೆ ಹಾಕಿದರೂ ಸಿಡಿ ಪದರ ಹಾಡುತ್ತದೆ, ಯಾರಿಗೂ ನಷ್ಟವಿಲ್ಲ. ಹೊಸ ಪ್ಲೇಯರಿನ ಮುಖದ ಮೇಲೆ ಯಾವ ಪದರ ಬೇಕೆಂದು ಆರಿಸುವ ಗುಂಡಿ ಇತ್ತು.

ಗೌಡರ ಹೊಸ ಪ್ಲೇಯರ್ ಕೂರಿಸಿದವನು ನಾನು. ಪೆಟ್ಟಿಗೆಯಲ್ಲಿ ದಪ್ಪನೆಯ ಕೈಪಿಡಿ ಬಂದಿತ್ತು. ಪ್ಲಾಸ್ಟಿಕ್ ಚೀಲದಿಂದ ಅದನ್ನು ಹೊರಗೂ ತೆಗೆಯಲಿಲ್ಲ. ಹತ್ತು ವರ್ಷ ಅನುಭವದವನು ಕೈಪಿಡಿ ಓದುತ್ತಾನೆಯೇ? ಆಂಪ್ಲಿಫೈಯರನ್ನು ಹೊರಗಿಟ್ಟೆ, ಪ್ಲೇಯರನ್ನು ಬಲ್ಬಿನ ಕಪಾಟಿನ ಒಳಗಿಟ್ಟೆ, ನಡುವೆ ನನ್ನ ಪ್ರೀತಿಯ ಆಪ್ಟಿಕಲ್ ಕೇಬಲ್ ಎಳೆದೆ. ಡಿಸ್ಕು ಹಾಕಿದರೆ ಸದ್ದಿಲ್ಲ. ಗೌಡರು ಹಿಂದೆ ಕೈ ಕಟ್ಟಿ ನಿಂತಿದ್ದರು. ಮುಂದಿನ ಗುಂಡಿಗಳನ್ನು ಒಂದೊಂದಾಗಿ ಒತ್ತಿದೆ. ಒಂದನ್ನು ಒತ್ತಿದ ಕೂಡಲೇ ತಂತಿವಾದ್ಯಗಳು ಹಾಲ್ ತುಂಬಿದವು. ಗೌಡರು ನನ್ನ ಬೆನ್ನು ತಟ್ಟಿದರು. ಯಾವ ಗುಂಡಿ ಒತ್ತಿದೆ, ಅದು ಏನು ಮಾಡಿತು ಎಂದು ನಾನು ಕೇಳಿಕೊಳ್ಳಲಿಲ್ಲ. ಸದ್ದು ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳುವುದು ನಮ್ಮ ವೃತ್ತಿಯ ದೊಡ್ಡ ಕಾಯಿಲೆ.

ಮುಂದಿನ ಭಾನುವಾರ ಪರೀಕ್ಷೆ. ಹೊಸ ಡಿಸ್ಕಿನಲ್ಲಿದ್ದ ಹಾಡಿನದೇ ಹಳೆ ಸಿಡಿಯೊಂದು ಗೌಡರ ಹತ್ತಿರ ಇತ್ತು. ಅದನ್ನು ಕೆಂಪು-ಬಿಳಿ ತಂತಿಯ ಹಳೆ ಪ್ಲೇಯರಿಗೆ, ಹೊಸ ಡಿಸ್ಕನ್ನು ಹೊಸ ಪ್ಲೇಯರಿಗೆ ಹಾಕಿ, ಆಂಪ್ಲಿಫೈಯರಿನ ತಿರುಗಣೆಯನ್ನು ನಾನು ಆ ಕಡೆ ಈ ಕಡೆ ತಿರುಗಿಸುತ್ತಿದ್ದೆ. ಎಲ್ಲರೂ ಬೆರಗಾದರು. ಡಾಕ್ಟರು ಎದುರು ಬಣದವರಾದರೂ “ಹೌದು, ಬೇರೆಯೇ ಲೋಕ,” ಎಂದರು. ನನಗಂತೂ ಪಿಟೀಲಿನ ಕಮಾನಿನ ಮೇಲಿನ ರಾಳದ ಪುಡಿಯೂ ಕೇಳಿಸಿತು. ಗೌಡರು ಗೋಡೆಯ ಕಡೆ ತಿರುಗಿದರು.

“ಹೇಳಿ ಮೇಷ್ಟ್ರೆ.”

ಮೇಷ್ಟ್ರು ಇನ್ನೊಮ್ಮೆ ಹಾಕಲು ಹೇಳಿದರು. ಮತ್ತೊಮ್ಮೆ ಹಾಕಲು ಹೇಳಿದರು. ಆಮೇಲೆ ಮೆಲ್ಲಗೆ, “ಸದ್ದು ಒಂದು ಎಳೆ ಜಾಸ್ತಿ ಇದೆ ಗೌಡ್ರೆ. ಬೇರೆ ಎಂತದೂ ನಂಗೆ ಕೇಳಿಸ್ತಿಲ್ಲ,” ಎಂದರು.

ಗೌಡರು ನಕ್ಕರು. “ಇಷ್ಟು ಜನಕ್ಕೆ ಕೇಳಿಸಿದ್ದು ನಿಮಗೆ ಮಾತ್ರ ಇಲ್ವಾ? ವಯಸ್ಸಾಯ್ತು ಮೇಷ್ಟ್ರೆ, ಕಿವಿ ಎಣ್ಣೆ ಕೇಳ್ತಿದೆ.”

ತಮಾಷೆಯ ಮಾತು, ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕಸುಬಿನವನು ನಾನಿದ್ದೆನಲ್ಲ. ಪತ್ರಿಕೆಯಲ್ಲಿ ಓದಿದ್ದನ್ನು ಊದಿದೆ. “ಹೌದು ಮೇಷ್ಟ್ರೆ. ವಯಸ್ಸಾದ ಹಾಗೆ ಮೇಲಿನ ನಾದ ಹಿಡಿಯೋ ಶಕ್ತಿ ಕಿವಿಗೆ ಹೋಗ್ತದೆ. ಇದು ವಿಜ್ಞಾನ. ನೀವು ಬೇಜಾರು ಮಾಡ್ಕೋಬಾರ್ದು.”

ಅವರು ಬೇಜಾರು ತೋರಿಸಲಿಲ್ಲ. ಕಾಫಿ ಕುಡಿದು, ಹನ್ನೆರಡರ ಬಸ್ಸಿಗೆ ಹೊರಟರು. ಮುಂದಿನ ತಿಂಗಳು ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ಗೌಡರು ಒಂದೆರಡು ಸಲ ಫೋನ್ ಮಾಡಿದರು. ಮೊಣಕಾಲು ನೋವು, ಬಸ್ಸು ಹತ್ತಲಾಗದು ಎಂಬ ಉತ್ತರ ಬಂತು.

ಸುಮಾರು ಆರು ತಿಂಗಳ ಮೇಲೆ ಬೇರೆ ಕೆಲಸದ ಮೇಲೆ ಕಳಸಕ್ಕೆ ಹೋದವನು ಅವರ ಮನೆಗೆ ಹೊಕ್ಕೆ. ಜಗಲಿಯಲ್ಲಿ ಪಾಠದ ಚಾಪೆಗಳು ಸುರುಳಿ ಸುತ್ತಿ ಮೂಲೆಗೆ ಒರಗಿದ್ದವು. ಮೇಷ್ಟ್ರ ಹೆಂಡತಿ ಗಿರಿಜಮ್ಮನವರು ಮಜ್ಜಿಗೆ ಕೊಡುತ್ತ, “ಪಾಠ ನಿಲ್ಸಿಬಿಟ್ರು ಮಾರಾಯ. ಮಕ್ಕಳು ಬಂದು ಬಂದು ತಿರುಗಿ ಹೋದ್ವು. ನೀನಾದ್ರೂ ಒಂದು ಮಾತು ಹೇಳು,” ಎಂದರು. ಮೇಷ್ಟ್ರು ಒಳಗಿನಿಂದ ಬಂದು ಕೂತರು.

“ನೀನೇ ಹೇಳಿದ್ದಲ್ಲ ನಾಗರಾಜ, ವಯಸ್ಸಾದ ಕಿವಿಗೆ ಮೇಲಿನದ್ದು ಸಿಗೋದಿಲ್ಲ ಅಂತ. ಮಕ್ಕಳ ಶ್ರುತಿ ಕೂದಲೆಳೆ ತಪ್ಪಿದ್ರೂ ನಂಗೆ ತಿಳೀಬೇಕು. ತಿಳೀದೆ ‘ಸರಿ, ಮುಂದೆ ಹಾಡು’ ಅಂದ್ರೆ ಆ ತಪ್ಪು ಅವರ ಗಂಟಲಲ್ಲಿ ಜನ್ಮ ಪೂರ್ತಿ ಕೂತಿರ್ತದೆ. ಅದು ಮೋಸ ಅಲ್ವಾ?”

“ಒಂದು ಸಲ ಕಿವಿ ಡಾಕ್ಟ್ರಿಗೆ ತೋರಿಸ್ಬಹುದಲ್ಲ ಮೇಷ್ಟ್ರೆ?”

“ತೋರಿಸಿದೆ. ವಯಸ್ಸಿಗೆ ತಕ್ಕ ಹಾಗೆ ಇದೆ ಅಂದ್ರು. ವಯಸ್ಸಿಗೆ ತಕ್ಕ ಹಾಗೆ ಅಂದ್ರೆ ಏನು ಅಂತ ನೀನು ಹೇಳಿದ್ದೀಯಲ್ಲ.”

ನನಗೆ ಕಷ್ಟವಾಯಿತು. ಆದರೆ ತಪ್ಪು ಮಾಡಿದ್ದೇನೆ ಎಂದು ಆಗಲೂ ಅನ್ನಿಸಲಿಲ್ಲ. ಪಾಪ, ಇಷ್ಟು ಪ್ರಾಮಾಣಿಕ ಮನುಷ್ಯನ ಕಿವಿ ಹೋಯಿತಲ್ಲ ಎಂದು ಮರುಗಿ ಬಂದೆ. ಅವರ ಶಿಷ್ಯೆಯರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದವಳು ಆ ವರ್ಷ ಸಂಗೀತ ಪರೀಕ್ಷೆ ಕಟ್ಟಬೇಕಿತ್ತಂತೆ. ಪಾಠ ನಿಂತ ಮೇಲೆ ಮದುವೆಯಾಗಿ ಹೋದಳು, ಹಾಡುವುದನ್ನೂ ಬಿಟ್ಟಳು ಎಂದು ಆಮೇಲೆ ಕೇಳಿದೆ.

ಈ ನಡುವೆ ಡಿಸ್ಕುಗಳ ಕಾಲ ಇಳಿಯುತ್ತ ಬಂತು. ಇಬ್ಬರು ಡ್ರೈವರುಗಳು ಒಂದೇ ಸ್ಟಾಪಿನ ಜನಕ್ಕೆ ಪೈಪೋಟಿಯಲ್ಲಿ ಬಸ್ಸು ಓಡಿಸುತ್ತಿದ್ದರೆ, ಜನ ಸಿಕ್ಕಿದ ಜೀಪು ಹತ್ತಿ ಹೋದ ಹಾಗಾಯಿತು. ಆ ಜೀಪು ಎಂಪಿತ್ರೀ. ನನ್ನ ಅಂಗಡಿಗೆ ಬರುವವರು ಒಂದು ಡಿಸ್ಕಿನಲ್ಲಿ ಎಷ್ಟು ಹಾಡು ಹಿಡಿಸುತ್ತದೆ ಎಂದು ಕೇಳುತ್ತಿದ್ದರೇ ಹೊರತು, ಒಂದು ಹಾಡಿನಲ್ಲಿ ಎಷ್ಟು ನಾದ ಹಿಡಿಸುತ್ತದೆ ಎಂದು ಕೇಳುವವರು ಉಳಿಯಲಿಲ್ಲ. ಡಾಕ್ಟರ ಬಣದ ಡಿಸ್ಕುಗಳು ಮೊದಲು ನಿಂತವು. ಗೌಡರದ್ದು ಪರದೇಶದಲ್ಲಿ ಕುಟುಕು ಜೀವ ಹಿಡಿದಿತ್ತು, ನಮ್ಮ ಕಡೆಗೆ ಬರುವುದು ಮಾತ್ರ ಕಡಿಮೆಯಾಯಿತು. ಪ್ಲೇಯರಿನ ಲೆನ್ಸು ಹೋದರೆ ಬದಲಿ ಲೆನ್ಸು ಸಿಗುತ್ತಿರಲಿಲ್ಲ. ನಾನು ಕಣ್ಣಾರೆ ಕಂಡ ಹಾಗೆ ಅಷ್ಟು ಚೆಂದದ ವಸ್ತು ಅಷ್ಟು ಬೇಗ ಹಳತಾದದ್ದು ಇನ್ನೊಂದಿಲ್ಲ. ಅದರ ಮೇಲಿನ ನನ್ನ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ. ನಾದವನ್ನು ಇದ್ದ ಹಾಗೆ ಹಿಡಿಯಬೇಕು ಎಂದು ಅಷ್ಟು ಬುದ್ಧಿವಂತರು ಜೀವ ತೇಯ್ದರಲ್ಲ, ಅದೇ ದೊಡ್ಡದು.

ಬೆಂಗಳೂರಿನ ಅಂಗಡಿಯವರು ಆ ವಿಭಾಗವನ್ನೇ ಮುಚ್ಚುವಾಗ, ಉಳಿದಿದ್ದ ಡಿಸ್ಕುಗಳನ್ನು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಹಳೆ ಗಿರಾಕಿ ಎಂದು ಗೌಡರಿಗೆ ಕಳಿಸಿದರು. ಮುಂದಿನ ಭಾನುವಾರ ಗುಂಪು ಸೇರಿತು. ಗೌಡರು ಪೆಟ್ಟಿಗೆಯಿಂದ ಒಂದು ಪಿಯಾನೋ ಡಿಸ್ಕು ಆರಿಸಿ ಹಾಕಿದರು. ಸದ್ದಿಲ್ಲ. ತೆಗೆದು, ಒರೆಸಿ, ಮತ್ತೆ ಹಾಕಿದರು. ಸದ್ದಿಲ್ಲ.

“ನೋಡು ಮಾರಾಯ, ಎಂತ ಆಗಿದೆ ಇದಕ್ಕೆ?” ಎಂದರು.

ಕಪಾಟಿನ ಬಾಗಿಲು ತೆಗೆದೆ. ಬಲ್ಬಿನ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು, ಪ್ಲೇಯರಿನ ಮುಖದ ಮೇಲೆ ಏನೂ ಕಾಣುತ್ತಿರಲಿಲ್ಲ. ಬಲ್ಬು ಆರಿಸಿದೆ. ಸೆಕೆಂಡುಗಳ ಅಂಕಿ ಓಡುತ್ತಿತ್ತು, ಅಂದರೆ ಡಿಸ್ಕು ಹಾಡುತ್ತಿದೆ. ಅಂಕಿಯ ಪಕ್ಕದಲ್ಲಿ ಒಂದು ಪುಟ್ಟ ನೀಲಿ ದೀಪ ಉರಿಯುತ್ತಿತ್ತು. ಅದರ ಕೆಳಗೆ ಹೊಸ ಪದರದ ಹೆಸರು. ಇಷ್ಟು ವರ್ಷದಲ್ಲಿ ಆ ದೀಪ ಉರಿದದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಕಪಾಟಿನ ತಳದಲ್ಲಿ ಕೈಪಿಡಿ ಅದೇ ಚೀಲದಲ್ಲಿ ಬಿದ್ದಿತ್ತು. ತಂತಿ ನೋಡುವವನಂತೆ ಬಾಗಿ ಚೀಲ ಹರಿದು ಓದಿದೆ. ಹೊಸ ಪದರದ ನಾದ ಆಪ್ಟಿಕಲ್ ಕೇಬಲಿನಲ್ಲಿ ಹೋಗುವುದೇ ಇಲ್ಲ, ಕೆಂಪು-ಬಿಳಿ ತಂತಿಯಲ್ಲಿ ಮಾತ್ರ ಹೋಗುತ್ತದೆ ಎಂದು ಅಲ್ಲಿ ಸ್ಪಷ್ಟವಾಗಿತ್ತು. ಜನ ನಕಲು ಮಾಡಿಕೊಂಡಾರು ಎಂದು ತಯಾರಿಸಿದವರೇ ಆ ದಾರಿ ಮುಚ್ಚಿದ್ದರು. ಇವತ್ತಿನ ಡಿಸ್ಕಿನಲ್ಲಿ ಸಿಡಿಯ ಪದರ ಇರಲಿಲ್ಲ, ಹೊಸದು ಮಾತ್ರ ಇತ್ತು. ಹಾಗಾಗಿ ಸದ್ದಿಲ್ಲ. ಮೊದಲ ದಿನ ನಾನು ಒತ್ತಿದ ಗುಂಡಿ ಹೊಸ ಪದರ ಬಿಟ್ಟು ಸಿಡಿ ಪದರ ಹಾಡಿಸು ಎನ್ನುವ ಗುಂಡಿ.

ಅಂದರೆ ಇಷ್ಟು ವರ್ಷ ಆ ಹಾಲಿನಲ್ಲಿ ಹೊಸ ನಾದ ಒಂದು ಹನಿಯೂ ಬಿದ್ದಿರಲಿಲ್ಲ. ಪರೀಕ್ಷೆಯ ದಿನ ನಾವು ಸಿಡಿಯನ್ನು ಸಿಡಿಯ ಜೊತೆಗೇ ಹೋಲಿಸಿದ್ದೆವು. ಕಿಲುಬು ಕಟ್ಟಿದ ತಂತಿಯ ಹಳೆ ಪ್ಲೇಯರಿನ ಸದ್ದು ಸ್ವಲ್ಪ ಕಡಿಮೆ, ಹೊಸದರದ್ದು ಸ್ವಲ್ಪ ಹೆಚ್ಚು. ಜೋರಾಗಿ ಕೇಳಿದ್ದು ಚೆನ್ನಾಗಿ ಕೇಳಿದ ಹಾಗೆ ಅನ್ನಿಸುವುದು ಕಿವಿಯ ಹುಟ್ಟುಗುಣ. ಹಾಲಿನಲ್ಲಿದ್ದ ಅಷ್ಟೂ ಜನರಲ್ಲಿ ಮೋಸ ಹೋಗದವರು ಒಬ್ಬರೇ. ಅವರ ಕಿವಿಗೆ ವಯಸ್ಸಾಗಿದೆ ಎಂದು ತೀರ್ಪು ಕೊಟ್ಟವನು ನಾನು.

ನಾನು ಆಗ ಮಾಡಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ವ್ಯಾನಿನಿಂದ ಹೊಸ ಕೆಂಪು-ಬಿಳಿ ತಂತಿ ತಂದು ಸೇರಿಸಿ, “ತಂತಿ ಸಡಿಲ ಆಗಿತ್ತು ಗೌಡ್ರೆ,” ಎಂದೆ.

ಪಿಯಾನೋ ಶುರುವಾಯಿತು. ಆ ನಾದವನ್ನು ನಾನು ಈಗಲೂ ಮರೆತಿಲ್ಲ. ಬೆರಳು ಎತ್ತಿದ ಮೇಲೂ ಸ್ವರ ಗಾಳಿಯಲ್ಲಿ ತೆಳ್ಳಗಾಗುತ್ತ ಹೋಗಿ, ಎಲ್ಲಿ ಮುಗಿಯಿತೆಂದು ಹೇಳಲು ಬಾರದ ಹಾಗೆ ಮುಗಿಯುತ್ತಿತ್ತು. ಡಿಸ್ಕಿನ ಗುಣವೋ, ಧ್ವನಿ ಹಿಡಿದವರ ಕೈಗುಣವೋ, ತಿಳಿದವರ ನಡುವೆ ಆ ವಾದ ಇನ್ನೂ ಮುಗಿದಿಲ್ಲ. ಚೆಂದವಿತ್ತು ಎಂಬುದರಲ್ಲಿ ಮಾತ್ರ ವಾದವಿಲ್ಲ. ಮುಗಿದ ಮೇಲೆ ಗೌಡರು ಕಣ್ಣು ತೆರೆದು, “ಮೇಷ್ಟ್ರು ಇದ್ದಿದ್ರೆ ಇವತ್ತಾದ್ರೂ ಒಪ್ತಿದ್ರು. ಪಾಪ, ಕಿವಿ ಹೋಯ್ತು,” ಎಂದರು.

ನನಗೆ ಆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ತಲೆನೋವೆಂದು ಹೇಳಿ ಮನೆಗೆ ಬಂದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಗೌಡರ ಮನೆಯ ಬಾಗಿಲು ಮುಚ್ಚುತ್ತದೆ, ಆ ಮಾತು ಎಲ್ಲ ಎಸ್ಟೇಟುಗಳಿಗೂ ಹೋಗುತ್ತದೆ. ನಮ್ಮ ಕಸುಬಿನವನಿಗೆ ಮಾತೇ ಬಂಡವಾಳ. ಇಷ್ಟೆಲ್ಲ ಲೆಕ್ಕ ಹಾಕಿದರೂ ಕಳಸದ ಜಗಲಿಯ ಮೂಲೆಯಲ್ಲಿದ್ದ ಚಾಪೆಗಳು ಕಣ್ಣೆದುರಿನಿಂದ ಹೋಗಲಿಲ್ಲ. ಸೋಮವಾರ ಬೆಳಿಗ್ಗೆ ಮೀಟರ್ ಹಿಡಿದು ಬಂಗಲೆಗೆ ಹೋದೆ. ಎರಡು ಪ್ಲೇಯರುಗಳನ್ನೂ ಪರೀಕ್ಷೆಯ ದಿನ ಇದ್ದ ಹಾಗೆಯೇ ಜೋಡಿಸಿ ಅಳೆದೆ. ಹೊಸದರ ಸದ್ದು ನಿಜಕ್ಕೂ ಒಂದು ಎಳೆ ಜಾಸ್ತಿ ಇತ್ತು. ಆಮೇಲೆ ಗೌಡರನ್ನು ಕಣದಿಂದ ಕರೆಸಿ, ಮೇಷ್ಟ್ರು ಪಾಠ ನಿಲ್ಲಿಸಿದ್ದನ್ನೂ ಸೇರಿಸಿ ನಿಂತುಕೊಂಡೇ ಎಲ್ಲ ಹೇಳಿದೆ.

ಅವರು ಸಿಡುಕುತ್ತಾರೆ ಎಂದು ಕಾದೆ. ಅವರು ಸ್ಪೀಕರುಗಳನ್ನೇ ನೋಡುತ್ತ ಕೂತರು.

“ಅಂದ್ರೆ ಮೇಷ್ಟ್ರು ಹೇಳಿದ್ದು ಸರಿ.”

“ಅವರೊಬ್ರೇ ಸರಿ ಗೌಡ್ರೆ. ತಪ್ಪು ನನ್ನದು. ನಿನ್ನೆಯೇ ಗೊತ್ತಾಗಿತ್ತು, ಸುಳ್ಳು ಹೇಳ್ದೆ.”

“ನಾನೂ ನಕ್ಕಿದ್ದೆನಲ್ಲ,” ಎಂದರು. “ಪಾಠ ಬಿಟ್ಟಿದ್ದಾರೆ ಅಂತ ನಿಂಗೆ ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು.”

“ನಂಗೆ ಮೊಣಕಾಲು ನೋವು ಅಂದ್ರು.” ಎದ್ದು ಗೂಟದಲ್ಲಿದ್ದ ಕೋಟು ತೆಗೆದುಕೊಂಡರು. “ಜೀಪು ಹತ್ತು.”

ಕೊಟ್ಟಿಗೆಹಾರ ದಾಟಿ ಕಳಸ ಮುಟ್ಟಿದೆವು. ಮೇಷ್ಟ್ರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಗೌಡರು ಚಪ್ಪಲಿ ಬಿಟ್ಟು ಮೇಲೆ ಬಂದು, ಕುರ್ಚಿ ಬಿಟ್ಟು ನೆಲದ ಮೇಲೆ ಕೂತರು. ನಾನು ತಂತಿಯ ಕಥೆಯೆಲ್ಲ ಹೇಳಿದೆ. ಗೌಡರು, “ತಪ್ಪಾಯ್ತು ಮೇಷ್ಟ್ರೆ. ನನ್ನ ಮಾತು ವಾಪಸ್ ತಗೊಳ್ತೇನೆ,” ಎಂದರು.

ಮೇಷ್ಟ್ರು ನಕ್ಕರು. ಆ ನಗುವಿನಲ್ಲಿ ನಂಬಿಕೆ ಇರಲಿಲ್ಲ. “ನೀವಿಬ್ರೂ ಒಳ್ಳೆಯವ್ರು. ನನ್ನ ಸಮಾಧಾನಕ್ಕೆ ಇಷ್ಟು ದೂರ ಬಂದ್ರಿ.”

“ಸಮಾಧಾನಕ್ಕಲ್ಲ,” ಎಂದೆ ನಾನು. “ಮೀಟರ್ ಹಾಕಿ ನೋಡಿದ್ದೇನೆ. ಸದ್ದು ಒಂದು ಎಳೆ ಜಾಸ್ತಿ ಅಂತ ನೀವು ಅವತ್ತು ಅಂದಿರಲ್ಲ, ಮೀಟರೂ ಅದನ್ನೇ ಹೇಳ್ತದೆ.”

“ಹಾಗಂದಿದ್ನಾ ನಾನು?”

“ಅಂದಿದ್ರಿ,” ಎಂದರು ಗೌಡರು. “ನಾನು ಎಣ್ಣೆ ಬಿಡಿ ಅಂದಿದ್ದೆ.”

ಮೇಷ್ಟ್ರು ಪೇಪರ್ ಮಡಿಸಿದರು. “ಮಾತು ವಾಪಸ್ ತಗೋಬಹುದು ಗೌಡ್ರೆ. ಪರೀಕ್ಷೆ ಕಟ್ಟಬೇಕಿದ್ದ ಆ ಹುಡುಗಿ ಹಾಡು ಬಿಟ್ಟಳಲ್ಲ, ಅದನ್ನ ಎಲ್ಲಿಂದ ತರೋದು?” ಎಂದರು. ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ನಾವಿಬ್ಬರೂ ತಲೆ ತಗ್ಗಿಸಿದೆವು.

ಆಗ ಗಿರಿಜಮ್ಮನವರು ಬಾಗಿಲಿನಲ್ಲಿ ನಿಂತಿದ್ದರು. ಯಾರನ್ನೂ ಕೇಳದೆ ಅಂಗಳಕ್ಕಿಳಿದು ಹೋದರು. ತಿರುಗಿ ಬರುವಾಗ ಜೊತೆಯಲ್ಲಿ ಪಕ್ಕದ ಮನೆಯ ಸೌಮ್ಯ ಇದ್ದಳು. ಹೈಸ್ಕೂಲು ಓದುವ ಹುಡುಗಿ, ಪಾಠ ನಿಲ್ಲುವಾಗ ಸಣ್ಣವಳು. ಮನೆಯಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳಂತೆ. ಗಿರಿಜಮ್ಮನವರು ಮೂಲೆಯ ಚಾಪೆ ಬಿಡಿಸಿ ಹಾಸಿ, “ಕೂತ್ಕೊಂಡು ಹಾಡು,” ಎಂದರು.

“ಎಂತಕ್ಕೆ ಇದೆಲ್ಲ?” ಎಂದರು ಮೇಷ್ಟ್ರು.

“ನಿಮ್ಮ ಕಿವಿ ಇದೆಯೋ ಇಲ್ವೋ, ನಂಗೂ ಗೊತ್ತಾಗ್ಲಿ.”

ಹುಡುಗಿ ಕೂತು, ತೊಡೆ ಮೇಲೆ ತಾಳ ಹಾಕುತ್ತ ಹಳೆಯ ಪಾಠವೊಂದನ್ನು ಹಾಡತೊಡಗಿದಳು. ಮೇಷ್ಟ್ರು ಕಣ್ಣು ಮುಚ್ಚಿದರು. ಮೊದಲ ಸಾಲು ಮುಗಿಯಿತು. ಎರಡನೆಯದೂ ಮುಗಿಯಿತು. ನನಗೆ ಎಲ್ಲ ಇಂಪಾಗಿಯೇ ಕೇಳುತ್ತಿತ್ತು. ಇವರು ಏನೂ ಹೇಳದೆ ಸುಮ್ಮನಾಗಿಬಿಟ್ಟರೆ ನಾವು ಬಂದದ್ದೇ ವ್ಯರ್ಥ ಎಂದುಕೊಂಡು ಅವರ ಮುಖವನ್ನೇ ನೋಡುತ್ತಿದ್ದೆ.

ಮೂರನೆಯ ಸಾಲಿನ ನಡುವೆ ಮೇಷ್ಟ್ರ ಕೈ ಮೇಲೆದ್ದಿತು.

“ನಿಲ್ಲು. ಅಲ್ಲಿ ಗಾಂಧಾರ ಇಳೀತು.”

ಹುಡುಗಿ ನಾಲಿಗೆ ಕಚ್ಚಿಕೊಂಡಳು. “ಹೌದು ಮೇಷ್ಟ್ರೆ. ಅಲ್ಲಿ ಯಾವಾಗ್ಲೂ ಇಳೀತದೆ, ನಂಗೂ ಗೊತ್ತು.”

“ಗೊತ್ತಿದ್ರೆ ಸರಿ. ಮೊದಲಿಂದ ಹಾಡು,” ಎಂದರು ಮೇಷ್ಟ್ರು. ಪಾಠ ಶುರುವಾಗಿಯೇ ಬಿಟ್ಟಿತ್ತು. ಅವರ ಬೆರಳು ತಾಳ ಹಾಕುತ್ತಿತ್ತು, ನಾವಿಬ್ಬರು ಅಲ್ಲಿರುವುದನ್ನು ಅವರು ಮರೆತಿದ್ದರು.

ಗೌಡರು ನನ್ನ ಕಡೆ ಬಾಗಿದರು.

“ಇಳಿದದ್ದು ನಿಂಗೆ ಕೇಳಿಸ್ತಾ?”

“ಇಲ್ಲ ಗೌಡ್ರೆ.”

“ನಂಗೂ ಇಲ್ಲ,” ಎಂದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಇದ್ದಷ್ಟು ಸಂತೋಷವನ್ನು ಆ ಹಾಲಿನ ಯಾವ ಭಾನುವಾರವೂ ನಾನು ಕಂಡಿರಲಿಲ್ಲ.